ಒಂದು ದಿನವೂ ತಪ್ಪದ ಲೆಕ್ಕ

ಗಿರಾಕಿಗಳು ಫೋನಿನಲ್ಲಿ ಕಳಿಸಿದ ಹಣವನ್ನೆಲ್ಲ ಲಾಭವೆಂದೇ ಹಿಡಿದು, ತೆರಿಗೆ ಕಚೇರಿಯವರು ಖಾನಾವಳಿಯ ಗುರವ್ವನಿಗೆ ನೋಟಿಸು ಕೊಟ್ಟಿದ್ದರು. ಅಷ್ಟು ತೆರಿಗೆ ಕಟ್ಟಬೇಕೆಂದರೆ ಖಾನಾವಳಿಯನ್ನೇ ಮಾರಬೇಕಿತ್ತು.

"ಖರ್ಚಿನ ಲೆಕ್ಕ ಇಟ್ಟೀಯೇನವ್ವಾ?" ಅವಳು ಸಲಹೆ ಕೇಳಲು ಹೋದ ಆಡಿಟರ್ ಕೇಳಿದ.

"ಇಡೀ ವರ್ಷದ್ದು ಐತ್ರಿ. ಜೋಳ, ಎಣ್ಣಿ, ಗ್ಯಾಸು, ಒಂದು ದಿನಾನೂ ತಪ್ಪಿಲ್ಲ."

"ಮತ್ತ ತರಬೇಕಿಲ್ಲೋ?"

"ಹೆಂಗ ತರ್ಲಿ? ಅಡಿಗಿಮನಿ ಗ್ವಾಡಿ ಮ್ಯಾಲ ಬರದೀನಿ."

ಆಡಿಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ ಅವಳನ್ನು ತೆರಿಗೆ ಅಧಿಕಾರಿಯ ಬಳಿ ಕರೆದೊಯ್ದ. ಅಧಿಕಾರಿ ನಗಲಿಲ್ಲ.

"ಗೋಡೆಯಾದ್ರೇನು, ದಿನದಿನದ ತಾರೀಕು ಇದ್ರೆ ಒಪ್ಕೋತೀನಿ. ನಾಳೆ ಬಂದು ನೋಡ್ತೀನಿ" ಎಂದ.

ಮರುದಿನ ಗುರವ್ವ, ಸಾಹೇಬರು ನಮ್ಮ ಅಡುಗೆಮನೆ ನೋಡಲು ಬರುತ್ತಾರೆ ಎಂದಷ್ಟೇ ಗಂಡನಿಗೆ ಹೇಳಿ, ಅವರನ್ನು ಕರೆತರಲು ಬೆಳಿಗ್ಗೆಯೇ ಕಚೇರಿಗೆ ಹೋದಳು. ಅವಳನ್ನು ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಅಧಿಕಾರಿ ಅವಳನ್ನೂ ಕರೆದುಕೊಂಡು ಜೀಪು ಹತ್ತಿದ.

"ಗ್ವಾಡಿ ನೋಡಿ ಅಸಹ್ಯ ಪಡಬ್ಯಾಡ್ರಿ ಸಾಹೇಬ್ರ, ಮಸಿ ಹಿಡದೈತಿ" ಎಂದಳು ಗುರವ್ವ.

"ಮಸಿ ಇರ್ಲಿ ಬಿಡಮ್ಮ. ಅಕ್ಷರ ಕಂಡ್ರೆ ಒಂದು ರೂಪಾಯಿನೂ ಜಾಸ್ತಿ ಹಾಕಲ್ಲ."

ನೋಟಿಸು ಬಂದ ಮೇಲೆ ಮೊದಲ ಸಲ ಗುರವ್ವನ ಎದೆ ಹಗುರಾಯಿತು.

ಖಾನಾವಳಿಯ ಬಾಗಿಲಲ್ಲಿ ಗಂಡ ಕೈಮುಗಿದು ನಿಂತಿದ್ದ. ಅವನ ತಲೆ, ಮೀಸೆ, ಮೊಣಕೈವರೆಗಿನ ತೋಳು ಎಲ್ಲವೂ ಬೆಳ್ಳಗಿದ್ದವು.

"ಬರ್ರಿ ಸಾಹೇಬ್ರ," ಎಂದ. "ದೊಡ್ಡವರಿಗೆ ಅಂಥಾ ಮಸಿ ಗ್ವಾಡಿ ಹೆಂಗ ತೋರಿಸೂದಂತ, ಮುಂಜಾನಿಂದ ನಾನಽ ನಿಂತು ಎರಡು ಸಲ ಸುಣ್ಣ ಹೊಡದೀನಿ."