ಬೀಗ ಬರೆಯುವವನು

ಹುಬ್ಬಳ್ಳಿಯ ಒಂದು ಓಣಿ. ಅಲ್ಲಿ ರಾಚಪ್ಪ ಸಾಹುಕಾರರ ಸ್ಟೀಲ್ ಪಾತ್ರೆ ಅಂಗಡಿ...

ಎದುರಿನ ಕಟ್ಟೆಯ ಮೇಲೆ ದಿನಾ ಬೆಳಿಗ್ಗೆ ಒಬ್ಬ ಬಂದು ಕೂರುತ್ತಿದ್ದ. ಹೆಸರು ನೊರ್ಬು. ಚಿಕ್ಕವನಿದ್ದಾಗ ಟಿಬೆಟ್‌ನಿಂದ ಬಂದವನು.

ಚಳಿಗಾಲದಲ್ಲಿ ಸ್ವೆಟರ್ ಮಾರುತ್ತಾನೆ, ಉಳಿದ ದಿನ ಊರಿನ ಬೀದಿಗಳ ಚಿತ್ರ ಬರೆಯುತ್ತಾನೆ, ಅವನ ಚಿತ್ರಗಳು ದೊಡ್ಡ ಹೋಟೆಲ್‌ಗಳ ಗೋಡೆ ಮೇಲಿವೆಯಂತೆ... ಹೀಗೆಲ್ಲ ಜನ ಹೇಳುತ್ತಿದ್ದರು.

ರಾಚಪ್ಪನವರು ನಂಬಲಿಲ್ಲ. ಪಕ್ಕದ ಅಂಗಡಿಯಲ್ಲಿ ಕಳವಾದ ಮೇಲಂತೂ ಅವನ ಪೆನ್ಸಿಲ್ ಅಲುಗಿದರೂ ಅನುಮಾನ...

ಒಂದು ದಿನ ಮೆಲ್ಲಗೆ ಹಿಂದಿನಿಂದ ಹೋಗಿ ಇಣುಕಿದರು.

ಹಾಳೆಯ ತುಂಬ ಅವರದೇ ಅಂಗಡಿ. ಶಟರ್, ಪಕ್ಕದ ಬಾಗಿಲು, ಎರಡು ಬೀಗ. ಜನರೂ ಇದ್ದರು... ಆದರೆ ಒಬ್ಬರಿಗೂ ಕಣ್ಣಿಲ್ಲ.

"ಏನಪಾ, ನನ್ನ ಅಂಗಡಿಗೆ ಎಷ್ಟು ಬೀಗ ಅದಾವ ಅಂತ ಎಣಸಾಕತ್ತೀಯೇನು?"

"ಇಲ್ರೀ ಸಾವ್ಕಾರ್ರ, ಚಿತ್ರಾ..."

"ಮಂದೀಗೆ ಕಣ್ಣಿಲ್ಲ, ಬೀಗಕ್ಕ ಕೀಲಿ ಕಿಂಡಿ ಸೈತ ಐತಿ. ಇದೆಂಥಾ ಚಿತ್ರಾ? ನಡಿ ಸ್ಟೇಷನ್ನಿಗೆ. ಇನ್ನ ಈ ಓಣ್ಯಾಗ ನಿನ್ನ ಮುಖಾ ಕಾಣಬಾರ್ದು."

ಅವನ ಚೀಲ ಹಿಡಿದು ಎಳೆದರು. ಜಗ್ಗಾಟದಲ್ಲಿ ಹಳೆಯ ಚಿತ್ರವೊಂದು ಕೆಳಗೆ ಬಿತ್ತು...

ಅದೇ ಅಂಗಡಿ. ಗಲ್ಲಾ ಮುಂದೆ ರಾಚಪ್ಪ, ಕಣ್ಣಿಲ್ಲದೆ. ಮೆಟ್ಟಿಲ ಮೇಲೆ ತಂಬಿಗೆ ಒರೆಸುತ್ತ ಕೂತ ಹೆಣ್ಣುಮಗಳು... ಅವಳಿಗೆ ಮಾತ್ರ ನಗುವ ಎರಡು ಕಣ್ಣು.

ನೀಲವ್ವ. ಹೋದ ವರ್ಷ ತೀರಿಕೊಂಡ ಅವರ ಹೆಂಡತಿ...

ಮನೆಯ ಗೋಡೆಯ ಫೋಟೋದಲ್ಲೂ ಅವಳು ಹೀಗೆ ನಕ್ಕಿರಲಿಲ್ಲ.

"ಈಕೀಗೊಬ್ಬಾಕೀಗೇ ಯಾಕ ಕಣ್ಣು?" ಸಾಹುಕಾರರ ದನಿ ಇಳಿದಿತ್ತು.

"ದೇವರ ಚಿತ್ರಕ್ಕ ಕಣ್ಣು ಕಟ್ಟಕಡೀಗೆ ಬರೀಬೇಕು ಅಂತ ನಮ್ಮ ಗುರುಗಳು ಕಲಿಸಿದ್ರು ರೀ. ನಾನು ಮಂದಿ ಚಿತ್ರಕ್ಕೂ ಹಂಗ ಮಾಡ್ತೀನಿ. ಯಾರು ನನ್ನ ನೋಡಿ ಮಾತಾಡ್ತಾರೋ, ಅವರ ಕಣ್ಣು ಬರೀತೀನಿ. ಅವ್ವಾರು ದಿನಾ ಕೇಳ್ತಿದ್ರು, 'ಚಹಾ ಕುಡದಿ ಏನೋ ತಮ್ಮಾ' ಅಂತ."

ಕೆಳಗೆ ಬಿದ್ದ ಚಿತ್ರ ಎತ್ತಿಕೊಳ್ಳುತ್ತ ಅಂದ, "ಇಲ್ಲಿ ಕೂಡಾಕತ್ತು ಹನ್ನೆರಡು ವರ್ಷ ಆತ್ರೀ... ಉಳದವರ ಕಣ್ಣು ನಾ ಇನ್ನೂ ನೋಡಿಲ್ಲ."

ಹನ್ನೆರಡು ವರ್ಷ ಅವನ ಕೈಯನ್ನೇ ಅನುಮಾನದಿಂದ ಕಾಯುತ್ತಿದ್ದ ರಾಚಪ್ಪನವರು ಅವನ ಮುಖ ನೋಡಿದ್ದು ಅವತ್ತೇ...

ಅಂಗಡಿಯಿಂದ ಸ್ಟೂಲ್ ತಂದು ಅವನೆದುರು ಹಾಕಿಕೊಂಡು ಕೂತರು.

"ಚಹಾ ಕುಡದಿ ಏನಪಾ?"

ನೊರ್ಬು ಆ ಹಳೆಯ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ಎತ್ತಿಕೊಂಡ. ಸಾಹುಕಾರರು ಟವೆಲ್‌ನಿಂದ ಕಣ್ಣು ಒರೆಸಲು ಹೋದರು.

"ಒರಸ್ಕೋಬ್ಯಾಡ್ರಿ ಸಾವ್ಕಾರ್ರ... ಹಿಂಗ ಇರ್ಲಿ."

ಅನುಮಾನದಿಂದ ಕಾಯುವುದು ಬೇರೆ, ಮನುಷ್ಯನನ್ನು ನೋಡುವುದು ಬೇರೆ.

ನಿಮ್ಮ ಬೀದಿಯಲ್ಲಿ ದಿನಾ ಕೂರುವ ಆ ಹೊರಗಿನವನು ಇವತ್ತು ನಿಮ್ಮ ಚಿತ್ರ ಬರೆದರೆ... ಅದರಲ್ಲಿ ನಿಮಗೆ ಕಣ್ಣು ಇರುತ್ತದೆಯೇ?