ಇಬ್ಬರಿಗೆ ಮಾತ್ರ ಗೊತ್ತಿದ್ದ ಉತ್ತರ

ತೃಪ್ತಿಯೇ ಹೇಳಿಕೊಟ್ಟಿದ್ದಾಳೆ. ಬೇರೆ ಯಾರಿಗೂ ಅದು ಗೊತ್ತಿರಲು ಸಾಧ್ಯವೇ ಇಲ್ಲ.

ಮೂಡುಬಿದಿರೆಯ ಆ ಸಭಾಂಗಣದ ದೊಡ್ಡ ಪರದೆಯಲ್ಲಿ ತಮ್ಮ ಶಾಲೆಯ ಹೆಸರಿನ ಎದುರಿದ್ದ ಹಸಿರು ದೀಪ ಕೆಂಪಾದದ್ದೇ ತಡ, ಮೋಹಿನಿ ಟೀಚರ್ ಎದ್ದು ನಿಂತರು. ಬೆಳಗಿನಿಂದ ಮೊದಲ ಸ್ಥಾನದಲ್ಲಿದ್ದ ತಂಡ! ಅದು ಹೈಸ್ಕೂಲ್ ಮಕ್ಕಳ ಸೈಬರ್ ರಕ್ಷಣಾ ಸ್ಪರ್ಧೆ. ಪ್ರತಿ ತಂಡಕ್ಕೂ ವಾರದ ಹಿಂದೆಯೇ ಒಂದೊಂದು ಸರ್ವರ್ ವಹಿಸಿದ್ದರು. ಸಂಘಟಕರು ನೇಮಿಸಿದ ದಾಳಿಕೋರರ ಕೈಗೆ ಸಿಗದಂತೆ ಅದನ್ನು ಇಂದು ಸಂಜೆಯವರೆಗೆ ಕಾಯಬೇಕು. ದಾಳಿ ಯಾವ ದಾರಿಯಿಂದಲೂ ಬರಬಹುದು ಎಂದು ನಿಯಮದಲ್ಲಿತ್ತು. ಯಾರಿಂದ ಎಂದು ಮಾತ್ರ ಹೇಳಿರಲಿಲ್ಲ. ಗೆದ್ದ ಶಾಲೆಗೆ ಹತ್ತು ಹೊಸ ಕಂಪ್ಯೂಟರ್. ಪುಂಜಾಲಕಟ್ಟೆ ಕಡೆಯ ಅವರ ಶಾಲೆಯಲ್ಲಿದ್ದದ್ದು ಎರಡೇ. ಅದರಲ್ಲೂ ಒಂದು, ತಲೆಗೆ ಗುದ್ದಿದರೆ ಮಾತ್ರ ಏಳುತ್ತಿತ್ತು.

"ಗೋಡೆ ಒಡೆದು ಬಂದದ್ದಲ್ಲ ಮೇಡಂ" ಎಂದರು ತೀರ್ಪುಗಾರರು. "ಗುಟ್ಟಿನ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟು ಪಾಸ್‌ವರ್ಡ್ ಬದಲಿಸಿದ್ದಾರೆ. ನೆಂಟರ ಹಾಗೆ ಎದುರು ಬಾಗಿಲಿಂದಲೇ ಬಂದಿದ್ದಾರೆ. ಯಾರು ಅಂತ ಈಗ ಹೇಳುವ ಹಾಗಿಲ್ಲ."

ಸರ್ವರ್‌ನ ಖಾತೆ ಟೀಚರ್ ಹೆಸರಿನಲ್ಲಿದ್ದುದರಿಂದ ಆ ಉತ್ತರವೂ ಮೋಹಿನಿಯವರದ್ದೇ. "ಗೂಗಲ್‌ನಲ್ಲಿ ಹುಡುಕಿದ್ರೂ ಸಿಗಬಾರದು ಟೀಚರ್" ಎಂದಿದ್ದಳು ತಂಡದ ನಾಯಕಿ ತೃಪ್ತಿ. ಟೀಚರ್ ಕಿವಿಯಲ್ಲಿ ಹೇಳಿದರು, ಅವಳು ಟೈಪ್ ಮಾಡಿದಳು. ಜೊತೆಗಿದ್ದ ಅನ್ಸಾಫ್, ಶೋಧನ್ ಇಬ್ಬರಿಗೂ ಅದನ್ನು ತಿಳಿಸಿರಲಿಲ್ಲ. ಈಗ ನೋಡಿದರೆ, ಮಧ್ಯಾಹ್ನ ಊಟಕ್ಕೆ ಕೂತಾಗ ತೃಪ್ತಿ ಎರಡನೇ ಸ್ಥಾನದ ತಂಡದ ತ್ರಿಶಾಳ ಜೊತೆ ಏನೇನೋ ಪಿಸುಗುಟ್ಟಿ ನಗುತ್ತಿದ್ದಳು. ಏಳನೇ ತರಗತಿಯವರೆಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರಂತೆ.

ಮೋಹಿನಿಗೆ ಸಿಟ್ಟಿಗಿಂತ ಮೊದಲು ಸುಸ್ತು ಬಂತು. ಅಯ್ಯೋ ದೇವರೇ, ಇದೂ ಒಂದು ಬಾಕಿ ಇತ್ತೇ! ಅವರು ಗಣಿತದ ಟೀಚರ್. ಬಿಸಿಯೂಟ, ಗಣತಿ, ಕಂಪ್ಯೂಟರ್ ಎಲ್ಲವೂ 'ನೀವೇ ಸ್ವಲ್ಪ ನೋಡಿಕೊಳ್ಳಿ' ಎಂದು ಅವರ ಹೆಗಲಿಗೆ ಬಿದ್ದದ್ದು. ನಿನ್ನೆ ಸಂಘಟಕರು ಫೋನ್ ಮಾಡಿ ಯಾವ ಬಸ್ಸಿಗೆ ಬರುತ್ತೀರಿ, ಎಷ್ಟು ಜನಕ್ಕೆ ಊಟ ಎಂದು ಕೇಳಿದ್ದು ಬಿಟ್ಟರೆ ಅವರನ್ನು ಯಾರೂ ಏನೂ ವಿಚಾರಿಸದೆ ಎಷ್ಟು ಕಾಲವಾಗಿತ್ತೋ.

ಇಡೀ ದಿನದಲ್ಲಿ ಜೀವಕ್ಕೆ ಹಾಯೆನಿಸಿದ್ದು ಬೆಳಗಿನ ಬಸ್ಸಿನಲ್ಲಿ ಮಾತ್ರ. ಬಂಟ್ವಾಳದಲ್ಲಿ ಬಸ್ ಬದಲಿಸಿ ಹತ್ತಿದಾಗ, ಸಾಸಿವೆ ಬಣ್ಣದ ಸೀರೆಯ ಹಿರಿಯ ಹೆಂಗಸೊಬ್ಬರು "ಬನ್ನಿ ಬನ್ನಿ, ಇಲ್ಲಿ ಜಾಗ ಉಂಟು" ಎಂದು ಸರಿದು ಕೂತು, ಅವರ ಬ್ಯಾಗನ್ನೂ ತಮ್ಮ ಮಡಿಲಿಗೆ ಎಳೆದುಕೊಂಡರು. "ಮುಖವೇ ಬಾಡಿದೆಯಲ್ಲ ಮಾರಾಯ್ರೆ! ತಿಂಡಿ ತಿಂದಿದ್ದೀರಾ?"

ಮಕ್ಕಳು ಮೂವರೂ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಇವರಿಬ್ಬರದ್ದು ಮಾತೋ ಮಾತು. ಎಲ್ಲಿಯವರು, ಯಾರ ಪೈಕಿ, ಗಂಡ ಎಲ್ಲಿ ಕೆಲಸದಲ್ಲಿ, ತಾಯಿ ಯಾವ ಮನೆಯವರು, ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದು... ಈ ಕಡೆಯ ಬಸ್ಸಿನಲ್ಲಿ ಇಷ್ಟೂ ಕೇಳದೆ ಯಾರಾದರೂ ಇಳಿಯುವುದುಂಟೇ? ಸಿದ್ದಕಟ್ಟೆ ದಾಟುವಷ್ಟರಲ್ಲಿ ನೆರಿಯ ಎಂಬ ಊರಿನ ಕಡೆಯಿಂದ ಏನೋ ಒಂದು ದೂರದ ಸಂಬಂಧವೂ ಸಿಕ್ಕಿತು. "ನನಗೂ ಇವತ್ತು ಮಕ್ಕಳದ್ದೇ ಕೆಲಸ" ಎಂದು ಇಳಿಯುವಾಗ ಕೈಹಿಡಿದು ಹೇಳಿದ್ದರು. "ನಿಮ್ಮ ಹತ್ರ ಮಾತಾಡಿದ್ದು ತುಂಬ ಉಪಕಾರ ಆಯ್ತು."

ಆ ಹಿತವೆಲ್ಲ ಈಗ ಎಲ್ಲಿ ಹೋಯಿತೋ. ಮೋಹಿನಿ ತೃಪ್ತಿಯನ್ನು ಜಗಲಿಗೆ ಕರೆದರು.

"ಉತ್ತರ ಯಾರಿಗೆ ಹೇಳಿದೆ?"

"ನಾನು ಯಾರಿಗೂ ಹೇಳ್ಲಿಲ್ಲ ಟೀಚರ್."

"ಮತ್ತೆ? ಗಾಳಿಯಲ್ಲಿ ಹಾರಿಹೋಯ್ತಾ? ಯಾರು ಹೇಳಿದ್ದೂಂತ ಗೊತ್ತುಂಟಾ ನಿನಗೆ?"

ಹುಡುಗಿ ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಳು. "ಗೊತ್ತುಂಟು. ಹೇಳುದಿಲ್ಲ."

"ನಿನಗೆ ಶಾಲೆಗಿಂತ ಅವಳೇ ಹೆಚ್ಚಾದಳಾ?"

ತೃಪ್ತಿ ಮುಖವೆತ್ತಿದಳು. ಕಣ್ಣು ತುಂಬಿತ್ತು. "ಬೈಯಿರಿ ಟೀಚರ್, ಅಡ್ಡಿಯಿಲ್ಲ. ಆದ್ರೆ ನನ್ನನ್ನು ಒಳಗೆ ಬಿಡಿ. ಸರ್ವರ್ ವಾಪಸ್ ತರ್ಲಿಕ್ಕೆ ನನಗೆ ಬರ್ತದೆ. ಅವರಿಬ್ಬರಿಗೆ ಆಗುದಿಲ್ಲ."

"ಬೇಡ. ಮಾಡಿದ್ದು ಸಾಕು. ಇಲ್ಲೇ ಕೂತುಕೋ."

ತೃಪ್ತಿ ಕೂತಳು. ಒಳಗೆ ಅನ್ಸಾಫ್, ಶೋಧನ್ ಬೆವರು ಒರೆಸಿಕೊಳ್ಳುತ್ತಾ ಒದ್ದಾಡಿದರು. ದೀಪ ಮತ್ತೆ ಹಸಿರಾಗಲೇ ಇಲ್ಲ. ಸಂಜೆ ಫಲಿತಾಂಶ ಬಂದಾಗ ತ್ರಿಶಾಳ ಶಾಲೆ ಮೊದಲು, ಇವರದ್ದು ಎರಡನೆಯದು. ಎರಡನೆಯವರಿಗೆ ಒಂದು ಫಲಕ, ಒಂದು ಸಿಹಿ ಪೊಟ್ಟಣ. ಮೋಹಿನಿ ಕೊನೆಯ ಸಾಲಿನ ಕುರ್ಚಿಗೆ ಕುಸಿದರು. ಪಕ್ಕದಲ್ಲಿ, ಒಂದು ಕುರ್ಚಿ ಬಿಟ್ಟು, ತೃಪ್ತಿ.

"ಈಗ ನಮ್ಮ ದಾಳಿ ತಂಡದ ಮುಖ್ಯಸ್ಥರು, ಅನಂತಮತಿಯವರು" ಎಂದು ಘೋಷಣೆಯಾಯಿತು.

ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲು ಹತ್ತಿದವರ ಸೀರೆ ಸಾಸಿವೆ ಬಣ್ಣದ್ದು.

"ಎರಡನೇ ಸ್ಥಾನದ ಮಕ್ಕಳ ಗೋಡೆ ಎಂಥ ಗಟ್ಟಿ, ಮಾರಾಯ್ರೆ! ವಾರವಿಡೀ ಎಲ್ಲಿಯೂ ಒಂದು ಬಿರುಕು ಸಿಗ್ಲಿಲ್ಲ" ಎಂದರು ಮೈಕಿನಲ್ಲಿ. "ಕಡೆಗೆ 'ಪಾಸ್‌ವರ್ಡ್ ಮರೆತಿರಾ' ಅಂತ ಇರ್ತದಲ್ಲ, ಅದನ್ನು ಒತ್ತಿ ನೋಡಿದೆವು. ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ತಾಯಿಯ ತವರುಮನೆಯ ಹೆಸರೇನು?"

ಸಭೆ ನಕ್ಕಿತು. ಮೋಹಿನಿ ಮೆಲ್ಲಗೆ ಪಕ್ಕಕ್ಕೆ ತಿರುಗಿದರು.

"ನಿನಗೆ... ಮೊದಲೇ ಗೊತ್ತಿತ್ತಾ?"

"ದೀಪ ಕೆಂಪಾದ ಕೂಡ್ಲೆ ಗೊತ್ತಾಯ್ತು ಟೀಚರ್" ಎಂದಳು ತೃಪ್ತಿ, ಮೆಲುದನಿಯಲ್ಲಿ, ಬೇರೆ ಯಾರಿಗೂ ಕೇಳಿಸದ ಹಾಗೆ. "ಬಸ್ಸಿನಲ್ಲಿ ನನಗೆ ನಿದ್ದೆ ಬಂದಿರ್ಲಿಲ್ಲ."