ಬಣ್ಣವಿಲ್ಲದ ಗಣಪ

"ಮೋಸಗಾರ ಕಂಪನಿ ತೊಲಗಲಿ!"

ಹಲಸೂರಿನ ತನ್ನ ಬಣ್ಣದ ಅಂಗಡಿಯೊಳಗೆ ಮುನಿಕೃಷ್ಣಪ್ಪ ಶಟರ್ ಅರ್ಧ ಇಳಿಸಿ ನಿಂತಿದ್ದ. ಹೊರಗೆ ಬಡಾವಣೆಯ ಹೆಂಗಸರ ಹಿಂಡು, ಮುಂದೆ ಸುಕನ್ಯ. ಹೋದ ವರ್ಷ ಗಣಪತಿ ಬಿಟ್ಟ ಮೇಲೆ ಕೆರೆಯ ಮೀನು ಸತ್ತಾಗ, ಅವನು ಮಾರುವ ಕಂಪನಿಯ ಬಣ್ಣ ಮುಟ್ಟಬೇಡಿ ಎಂದು ಮನೆಮನೆ ಸುತ್ತಿ ಹೇಳಿದವಳು ಇವಳೇ. ಮುನಿಕೃಷ್ಣಪ್ಪನ ವ್ಯಾಪಾರ ನೆಲ ಕಚ್ಚಿತ್ತು.

ಅದಕ್ಕೇ ಈ ಸಲ, ೨೦೦೩ರ ಹಬ್ಬಕ್ಕೆ, ಕಂಪನಿ 'ನಿಮ್ಮ ಕೆರೆ, ನಮ್ಮ ಹೊಣೆ' ಎಂದು ಬೋರ್ಡು ಹಾಕಿ, ಬಣ್ಣ ಹಚ್ಚದ ಮಣ್ಣಿನ ಗಣಪನನ್ನು ಮನೆಮನೆಗೂ ಪುಕ್ಕಟೆ ಹಂಚಿತು. ಸುಕನ್ಯ ಸುಮ್ಮನೆ ನಂಬುವವಳೇ? ಒಂದನ್ನು ಎಲ್ಲರೆದುರು ಬಕೆಟ್ಟಿನ ನೀರಲ್ಲಿ ಕರಗಿಸಿ ನೋಡಿದಳು. ಬರೀ ಮಣ್ಣು. ಆಮೇಲೆ ಅವಳೇ ಚಪ್ಪಾಳೆ ತಟ್ಟಿದಳು. ಕಂಪನಿಗೆ ಒಳ್ಳೆಯ ಹೆಸರು ಬಂತು, ಅಂಗಡಿಗೆ ಗಿರಾಕಿಗಳೂ ಬಂದರು. ಬಣ್ಣದ ಸಣ್ಣ ಡಬ್ಬಗಳೆಲ್ಲ ಹಬ್ಬದ ಹಿಂದಿನ ದಿನವೇ ಖಾಲಿಯಾದವು; ಮನೆಯ ಗೇಟು, ಕಿಟಕಿಗಿರಬೇಕು ಎಂದುಕೊಂಡ ಮುನಿಕೃಷ್ಣಪ್ಪ.

ನಿನ್ನೆ ಗಣಪತಿ ಬಿಟ್ಟರು. ಇವತ್ತು ಬೆಳಗ್ಗೆ ಕೆರೆಯ ಮೇಲೆ ಬಣ್ಣದ ಪೊರೆ, ಅದರ ನಡುವೆ ಹೊಟ್ಟೆ ಮೇಲಾದ ಮೀನುಗಳು.

"ಫ್ಯಾಕ್ಟರಿ ಗಲೀಜು ನೀರ್ನ ಕದ್ದು ಕೆರೆಗೆ ಬಿಟ್ಟವ್ರೆ!" ಹೊರಗೆ ಯಾರೋ ಕೂಗಿದರು. "ಪೇಪರ್‌ನೋರು ಬರ್ಲಿ, ಅಂಗಡಿಗೆ ಬೀಗ ಹಾಕ್ಸೋಣ!"

ಬೀಗ ಬಿದ್ದರೆ ಮುನಿಕೃಷ್ಣಪ್ಪನಿಗೆ ಬೇರೆ ಗತಿಯಿರಲಿಲ್ಲ.

ಅಷ್ಟರಲ್ಲಿ ಶಟರ್ ಕೆಳಗೆ ಬಗ್ಗಿ ಸುಕನ್ಯ ಒಬ್ಬಳೇ ಒಳಗೆ ಬಂದಳು. ಬಲಗೈ ಮುಷ್ಟಿ ಬಿಗಿದಿತ್ತು. ಅವಳು ಹತ್ತಿರ ಬಂದಂತೆ ಸೀಮೆಎಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮುನಿಕೃಷ್ಣಪ್ಪ ಹಿಂದಕ್ಕೆ ಸರಿದ. ಸುತ್ತ ಬರೀ ಬಣ್ಣ, ಟರ್ಪೆಂಟೈನ್. ಒಂದು ಕಡ್ಡಿ ಗೀರಿದರೆ ಸಾಕು.

"ಅಮ್ಮಾ, ಬೇಡಿ! ಗಣಪನಿಗೆ ಕಂಪನಿ ಬಣ್ಣ ಹಚ್ಚಿಲ್ಲ, ನೀವೇ ನೋಡಿದ್ರಲ್ಲ!"

"ಕೂಗ್ಬೇಡ್ರಿ. ನಂಗೊತ್ತು," ಎಂದು ಸುಕನ್ಯ ಶಟರನ್ನು ಪೂರ್ತಿ ಕೆಳಗೆ ಎಳೆದಳು. ಹೊರಗೆ ಘೋಷಣೆ ಇನ್ನೂ ಜೋರಾಯಿತು.

ಅವಳು ಮುಷ್ಟಿ ಬಿಚ್ಚಿದಳು. ಬೆಂಕಿಪೊಟ್ಟಣವಿರಲಿಲ್ಲ. ಹೆಬ್ಬೆರಳಿನ ಉಗುರ ಸುತ್ತ ಚಿನ್ನದ ಬಣ್ಣ ಮೆತ್ತಿತ್ತು.

"ಬೋಳು ಗಣಪನ್ನ ಹೆಂಗ್ರೀ ಕೂರ್ಸೋದು? ನಿಮ್ಮಂಗ್ಡೀಲಿ ತಗೊಂಡ ಡಬ್ಬದ್ದೇ ನಾನು ಕಿರೀಟಕ್ಕೆ ಮಾತ್ರ ಹಚ್ದೆ, ಬೀದಿಯೋರೆಲ್ಲ ಮೈಗೂ ಬಳಿದ್ರು. ಸೀಮೆಎಣ್ಣೇಲಿ ಉಜ್ಜಿದ್ರೂ ಹೋಗ್ತಿಲ್ಲ. ಪೇಪರ್‌ನೋರು ಫೋಟೋ ತೆಗಿಯೋಕೆ ಬರೋದ್ರೊಳಗೆ ಒಂಚೂರು ಟರ್ಪೆಂಟೈನ್ ಕೊಡ್ರಿ!"